ಡಿ ಡ್ರೈವಿನ ಪಾಲು

ಬಂಗೂರನಗರ, ದಾಂಡೇಲಿ
14 ಸೆಪ್ಟೆಂಬರ್ 2024

ಅಪ್ಪಾ,

ಈ ಪತ್ರವನ್ನು ಜೀಪಿನ ದುರ್ಗಪ್ಪ ಮಾಮನ ಕೈಯಲ್ಲಿ ಕೊಡುತ್ತಿದ್ದೇನೆ. ನಿಮ್ಮ ಕುಳಗಿ ಫಾರೆಸ್ಟ್ ಕ್ಯಾಂಪಿನಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ ಅಂತ ಗೊತ್ತಿದ್ದೂ ನಿನ್ನೆ ಫೋನ್ ಹಚ್ಚಿ ಹಚ್ಚಿ ಸಾಕಾಯಿತು. ನನ್ನ ರೂಮ್‌ಮೇಟ್ ದಾನೇಶ್ವರಿ, ಮುಂಡಗೋಡದವಳು, ನಗುತ್ತಾಳೆ. "ಬಸ್ಸಿನಾಗ ಕುಂತ್ರ ಅರ್ಧಾ ತಾಸಿನ ದಾರಿ ಇಲ್ಲ, ಅಪ್ಪಗ ಪತ್ರ ಬರೀತಾಳ ನೋಡ್ರಿ ಈಕಿ!" ಅಂತ. ಅಣ್ಣನ ವಿಷಯವನ್ನು ಎದುರಿಗೆ ಕೂತು ಮಾತಾಡಲು ನಮಗಿಬ್ಬರಿಗೂ ಬರುವುದಿಲ್ಲ ಅಂತ ಅವಳಿಗೆ ಹೇಗೆ ಹೇಳಲಿ?

ಕಾಲೇಜು ಶುರುವಾಗಿದೆ. ಬಿಸಿಎ ಅಂದರೆ ಇಷ್ಟು ಕಷ್ಟ ಅಂತ ಗೊತ್ತಿರಲಿಲ್ಲ. ಎಲ್ಲರೂ ಮೊದಲೇ ಎಲ್ಲ ಕಲಿತು ಬಂದವರ ಹಾಗೆ ಕಾಣುತ್ತಾರೆ. ನಾನು ಐದನೇ ಕ್ಲಾಸಿನಿಂದ ಹಾಸ್ಟೆಲಿನಲ್ಲಿ ಬೆಳೆದವಳು, ಊಟದ ಸಾಲಿನಲ್ಲಿ ನಿಲ್ಲುವುದು ಬಿಟ್ಟರೆ ಮತ್ತೇನು ಗೊತ್ತು ಅಂತ ಅನಿಸುತ್ತದೆ. ಸುಮ್ಮಸುಮ್ಮನೆ ಅಂಜಿಕೆಯಾಗುತ್ತದೆ.

ವಿಷಯ ಇದು. ಅಣ್ಣನ ಲ್ಯಾಪ್‌ಟಾಪ್ ಆನ್ ಆಗುತ್ತದೆ, ನೀಲಿ ಸ್ಕ್ರೀನ್ ಬರುತ್ತದೆ, ಆಫ್ ಆಗುತ್ತದೆ. ಒಳಗಿನ ವಿಂಡೋಸ್ ಕೆಟ್ಟಿದೆ. ನಮ್ಮ ಲ್ಯಾಬಿನ ರುದ್ರೇಶ ಸರ್ ಅದರ ಬದಲು ಲಿನಕ್ಸ್ ಹಾಕಿಕೋ ಅಂದರು, ಕಾಲೇಜಿನಲ್ಲೂ ಅದೇ ಇರುವುದು. ಆದರೆ ಹಾಕುವಾಗ ಯಾವುದಕ್ಕೆ ಎಷ್ಟು ಜಾಗ ಅಂತ ನಾವೇ ಹೇಳಬೇಕು. ಒಳಗಿರುವುದು ಒಂದೇ ಡಿಸ್ಕು. ಒಂದು ಮನೆಗೆ ನಡುಗೋಡೆ ಹಾಕಿ ಕೋಣೆ ಮಾಡಿದ ಹಾಗೆ ಅದನ್ನು ಭಾಗ ಮಾಡುತ್ತಾರೆ. ಎಲ್ಲ ಸೇರಿ ನೂರಾ ಹತ್ತೊಂಬತ್ತು ಜಿಬಿ. ಅದರಲ್ಲಿ ತೊಂಬತ್ತಾರು ಅಣ್ಣ ಡಿ ಡ್ರೈವ್ ಅಂತ ಮಾಡಿಕೊಂಡು ಹೊಳೆಯಲ್ಲಿ ಟೂರಿಸ್ಟರ ದೋಣಿ ನಡೆಸುವಾಗಿನ ತನ್ನ ರಾಫ್ಟಿಂಗ್ ವಿಡಿಯೋ ತುಂಬಿಟ್ಟಿದ್ದಾನೆ. ಉಳಿದದ್ದು ಇಪ್ಪತ್ತಮೂರು. ಸಿಸ್ಟಮ್ಮಿಗೆ ನಲವತ್ತಾದರೂ ಬೇಕು, ಇಲ್ಲದಿದ್ದರೆ ಆಮೇಲೆ ಉಸಿರು ಕಟ್ಟುತ್ತದೆ ಅಂತ ಸರ್ ಹೇಳಿದರು.

ಡಿ ಡ್ರೈವಿನಲ್ಲಿ ಹನ್ನೆರಡು ಜಿಬಿ ಖಾಲಿ ಇದೆ. ಅದನ್ನಾದರೂ ತಗೊಳ್ಳಲಾ? ಅದಕ್ಕೂ ಮೊದಲು ಅವನ ವಿಡಿಯೋಗಳನ್ನು ಬೇರೆ ಕಡೆ ಕಾಪಿ ಮಾಡಿಡಬೇಕು. ದಾನೇಶ್ವರಿ ತನ್ನ ಹಾರ್ಡ್ ಡಿಸ್ಕ್ ಕೊಡುತ್ತೇನೆ ಅಂದಿದ್ದಾಳೆ. ನೀನು ಹೂಂ ಅಂದರೆ ಮಾಡುತ್ತೇನೆ.

ನಿನ್ನ ಮಗಳು,
ಪೂನಂ


ಕುಳಗಿ ಕ್ಯಾಂಪ್
23 ಸೆಪ್ಟೆಂಬರ್ 2024

ಪೂನಂ,

ಪತ್ರ ಮುಟ್ಟಿತು. ನೀನು ಬರೆದ ಜಿಬಿ ಗಿಬಿ ನನಗೆ ತಿಳಿಯಲಿಲ್ಲ. ದುರ್ಗಪ್ಪನಿಗೂ ತಿಳಿಯಲಿಲ್ಲ, ಆದರೂ ತಿಳಿದವರ ಹಾಗೆ ಒಂದು ತಾಸು ಹೇಳಿದ. ಕೋಣೆ, ಗೋಡೆ ಅಂದದ್ದು ತಿಳಿಯಿತು.

ನಮ್ಮ ಮನೆಯಲ್ಲಿ ಹೇಗೆ ನಡೆದುಬಂದಿದೆ ಅಂತ ನೀನು ಮರೆತಿರಬಹುದು, ಸಣ್ಣವಳಿದ್ದಾಗಲೇ ಹಾಸ್ಟೆಲಿಗೆ ಹೋದೆ. ಹೊರಗೆ ಹೋದವನ ಪಾಲನ್ನು ಮೊದಲು ತೆಗೆದು ಮುಚ್ಚಿಡುತ್ತೇವೆ. ಉಳಿದದ್ದನ್ನು ಮನೆಯಲ್ಲಿದ್ದವರು ಉಣ್ಣುತ್ತೇವೆ. ಕಡಿಮೆ ಬಿದ್ದರೆ ಮನೆಯಲ್ಲಿದ್ದವರಿಗೆ ಕಡಿಮೆ. ನನ್ನ ಅಪ್ಪ ಕಾಡಿನಲ್ಲಿ ಕಟ್ಟಿಗೆ ಕಡಿಯುವ ಕೂಪಿಗೆ ಹೋದಾಗ ನಾವು ಗಂಜಿ ಕುಡಿದು ಅವನ ಅನ್ನ ಮುಚ್ಚಿಟ್ಟಿದ್ದೇವೆ. ಬರದಿದ್ದ ದಿನವೂ ಇಟ್ಟಿದ್ದೇವೆ.

ಖಾಲಿ ಇದೆ ಅಂತ ಬರೆದಿದ್ದೀ. ಅದು ಖಾಲಿ ಅಲ್ಲ. ಬಂದ ಮೇಲೆ ತುಂಬಿಸುತ್ತಾನೆ. ಅದನ್ನು ಮುಟ್ಟಬೇಡ.

ಕಾಪಿ ಅಂದರೆ ನಕಲು ತೆಗೆದಿಡುವುದು ತಾನೇ? ಅದೂ ಬೇಡ. ಫೋಟೋದ ನಕಲು ತೆಗೆಸಿ ದೊಡ್ಡದು ಮಾಡಿಸಿ ಗೋಡೆಗೆ ಹಾಕುವುದು ಹೋದವರದ್ದು. ಹೊಳೆಯಲ್ಲಿ ದೋಣಿ ಸಿಕ್ಕಿತು, ಹೆಲ್ಮೆಟ್ ಸಿಕ್ಕಿತು. ಹುಡುಗ ಸಿಕ್ಕಿಲ್ಲ. ಸಿಗದವನನ್ನು ನಾನು ಹೋದವನು ಅನ್ನುವುದಿಲ್ಲ.

ಉಳಿದ ಇಪ್ಪತ್ತಮೂರರಲ್ಲಿ ನಿನ್ನ ಕೆಲಸ ಮಾಡಿಕೋ. ಚೆನ್ನಾಗಿ ಓದು. ಸ್ವೆಟರ್ ಬೇಕಾದರೆ ಹೇಳು.

ನಿನ್ನ ಅಪ್ಪ,
ಬಾಬಾಜಿ


ಬಂಗೂರನಗರ
6 ಅಕ್ಟೋಬರ್ 2024

ಅಪ್ಪಾ,

ನೀನು ಹೇಳಿದ ಹಾಗೆಯೇ ಮಾಡಿದೆ. ಲಿನಕ್ಸ್ ಹಾಕಿದೆ. ಗೋಡೆ ಎಲ್ಲಿ ಬೇಕು ಅಂತ ಕೇಳುವ ಸ್ಕ್ರೀನ್ ಬಂತು. ಒಂದು ತಪ್ಪು ಒತ್ತಿದರೆ ಎಲ್ಲ ಅಳಿಸಿಹೋಗುತ್ತದೆ ಅಂತ ಕೆಂಪಕ್ಷರದಲ್ಲಿ ಬರೆದಿರುತ್ತಾರೆ. ಡಿ ಡ್ರೈವಿನ ಹೆಸರನ್ನು ಮತ್ತೆ ಮತ್ತೆ ಓದಿಕೊಂಡು ಅದನ್ನು ಮುಟ್ಟದೆ ಬಿಟ್ಟೆ.

ನನ್ನ ಇಪ್ಪತ್ತಮೂರರಲ್ಲಿ ಎಂಟನ್ನು ಸ್ವಾಪ್ ಅನ್ನುವುದಕ್ಕೆ ಕೊಟ್ಟೆ. ಕಂಪ್ಯೂಟರಿನ ಮೆಮೊರಿ ತುಂಬಿದಾಗ ಅದು ಸಾಮಾನು ಇಳಿಸಿ ಇಡುವ ಜಾಗ. ಮೆಮೊರಿಯ ಎರಡು ಪಟ್ಟು ಕೊಡಬೇಕು ಅಂತ ಸೀನಿಯರ್ ಒಬ್ಬಳು ಹೇಳಿದಳು. ಕಂಪ್ಯೂಟರ್ ಶುರುವಾಗಲು ಬೂಟ್ ಅಂತ ಅರ್ಧ ಜಿಬಿ. ಉಳಿದದ್ದು ಸಿಸ್ಟಮ್ಮಿಗೂ ನನಗೂ ಸೇರಿ.

ದಾನೇಶ್ವರಿ ಪಕ್ಕದಲ್ಲಿ ಕೂತು ನೋಡುತ್ತಿದ್ದಳು.

"ಇಲ್ಲದ ಅಣ್ಣಗ ತೊಂಬತ್ತಾರು, ಕಲಿಯಾಕಿಗೆ ಹದಿನಾಕು! ಯಾವೂರ ಲೆಕ್ಕಲೇ ಇದು?"

"ನಮ್ಮೂರದ."

"ಅಂಥಾದ್ದೇನೈತಿ ಅದರಾಗ?"

"ನೋಡಿಲ್ಲ."

"ನೋಡಲಾರದ್ದಕ್ಕ ಇಷ್ಟ್ ಕಾವಲಾ? ನಿಮ್ಮಪ್ಪ ಫಾರೆಸ್ಟಿನಾವ ಅಂತ ಗೊತ್ತಾತ ಬಿಡು."

ಅವಳು ಕೆಟ್ಟವಳಲ್ಲ ಅಪ್ಪಾ. ಆಮೇಲೆ ಮಿರ್ಚಿ ತಂದುಕೊಟ್ಟಳು.

ಅವ್ವ ಪೇಟೆಗೆ ಬಂದಾಗ ಫೋನ್ ಮಾಡಿದ್ದಳು. ಈ ಸಲ ಹಿರಿಯರ ಪೂಜೆಗೆ ತೀರಿಕೊಂಡವರಿಗೆ ಇಡುವ ಹಾಗೆ ರಾಕೇಶಣ್ಣನ ಹೆಸರಿನಲ್ಲೂ ಒಂದು ಕಾಯಿ ಇಡೋಣ ಅಂದದ್ದಕ್ಕೆ ನೀನು ಉಣ್ಣದೆ ಎದ್ದು ಕ್ಯಾಂಪಿಗೆ ಹೋದೆಯಂತೆ. ನಾನು ಯಾರ ಕಡೆ ಮಾತಾಡಲಿ?

ಪೂನಂ


ಬಂಗೂರನಗರ
19 ನವೆಂಬರ್ 2024

ಅಪ್ಪಾ,

ಹಿಂದಿನ ಪತ್ರಕ್ಕೆ ಉತ್ತರ ಬರಲಿಲ್ಲ. ನಿನಗೆ ಆನೆ ಕಾಯುವ ಡ್ಯೂಟಿ ಬಿದ್ದಿದೆ ಅಂತ ದುರ್ಗಪ್ಪ ಮಾಮ ಹೇಳಿದರು.

ಇಲ್ಲಿ ಸಿಸ್ಟಮ್ ತುಂಬಿಹೋಯಿತು. ಪಾಸ್‌ವರ್ಡ್ ಹೊಡೆದರೆ ಒಳಗೆ ಹೋದ ಹಾಗೆ ಮಾಡಿ ಮತ್ತೆ ಪಾಸ್‌ವರ್ಡ್ ಕೇಳುತ್ತದೆ. ಬಾಗಿಲು ತೆಗೆದು ಮುಖದ ಮೇಲೆ ಹಾಕಿದ ಹಾಗೆ. ರುದ್ರೇಶ ಸರ್ ಹತ್ತಿರ ತಗೊಂಡು ಹೋದೆ. ಎಲ್ಲರ ಎದುರಿಗೇ ಬೈದರು.

"ಅಲ್ಲವ್ವಾ, ಹದಿನಾಕು ಜಿಬಿ ಒಳಗ ಯಾರು ಸಂಸಾರ ಮಾಡ್ತಾರ? ಸ್ವಾಪಿಗೆ ಎಂಟ್ ಯಾಕ ಸುರದಿ? ಎರಡು ಸಾಕಾಗಿತ್ತು. ಅಲ್ಲಿ ತೊಂಬತ್ತಾರು ಇಟ್ಗೊಂಡು ಇಲ್ಲಿ ಉಪವಾಸ ಕೆಡವೀ."

ಸ್ವಾಪನ್ನು ಎರಡಕ್ಕೆ ಇಳಿಸಿ ಆರನ್ನು ಸಿಸ್ಟಮ್ಮಿಗೆ ಸೇರಿಸಿಕೊಟ್ಟರು. ಸದ್ಯಕ್ಕೆ ನಡೆಯುತ್ತದೆ, ಇನ್ನೆರಡು ತಿಂಗಳಿಗೆ ಮತ್ತೆ ಬರುತ್ತೀ ನೋಡು ಅಂದರು.

ಇನ್ನೊಂದು ಹೇಳಬೇಕು. ನಾನು ಡಿ ಡ್ರೈವ್ ತೆಗೆದು ನೋಡಿದೆ. ನೋಡಬೇಡ ಅಂತ ನೀನು ಹೇಳಿರಲಿಲ್ಲ.

ಅಣ್ಣ ಅದರಲ್ಲಿ ಇಲ್ಲ ಅಪ್ಪಾ. ಕ್ಯಾಮೆರಾ ಅವನ ಹೆಲ್ಮೆಟ್ ಮೇಲೆ ಇತ್ತಲ್ಲ, ಅದಕ್ಕೆ ಅವನ ಮುಖ ಎಲ್ಲಿಯೂ ಬರುವುದಿಲ್ಲ. ತುಂಬ ಇರುವುದು ಟೂರಿಸ್ಟರು. ಪುಣೆಯವರು, ಹೈದರಾಬಾದಿನವರು, ಕಿತ್ತಳೆ ಜಾಕೆಟ್ ಹಾಕಿಕೊಂಡು ಚೀರುತ್ತಾರೆ, ನಗುತ್ತಾರೆ. ಒಮ್ಮೊಮ್ಮೆ ಹುಟ್ಟು ಹಿಡಿದ ಅವನ ಕೈ ಕಾಣುತ್ತದೆ. ಆದರೆ ದನಿ ಇದೆ. ಎಲ್ಲರ ನಗುವಿನ ಮೇಲೆ ಅವನ ದನಿ. ಮೊದಲ ಸಲ ಕೇಳಿದಾಗ ಲ್ಯಾಪ್‌ಟಾಪ್ ಮುಚ್ಚಿಬಿಟ್ಟೆ. ಈಗ ದಿನಾ ಸಂಜೆ ಒಂದೊಂದು ಕೇಳುತ್ತೇನೆ. ಇನ್ನೂ ಬಹಳ ಉಳಿದಿವೆ.

ವಿಡಿಯೋದಿಂದ ದನಿ ಮಾತ್ರ ಬೇರೆ ತೆಗೆಯಬಹುದು. ದನಿಗೆ ಬಹಳ ಜಾಗ ಬೇಡ, ಎಲ್ಲ ಸೇರಿ ಒಂದು ಸಣ್ಣ ಪೆನ್‌ಡ್ರೈವಿನಲ್ಲಿ ಹಿಡಿಯುತ್ತದೆ. ನಿನಗೂ ಕೇಳಿಸಬಹುದು. ಬೇರೆಯವರ ಮುಖಗಳನ್ನು ಕಾಯುವುದು ಯಾಕೆ ಅಪ್ಪಾ? ಒಂದು ಸಲ ಯೋಚನೆ ಮಾಡು.

ಪೂನಂ


ಕುಳಗಿ ಕ್ಯಾಂಪ್
2 ಡಿಸೆಂಬರ್ 2024

ಪೂನಂ,

ಬೇಡ.

ದನಿ ಬೇರೆ, ಮೈ ಬೇರೆ ಮಾಡುವುದು ಯಾರಿಗೆ ಅಂತ ನಿನಗೆ ನಾನು ಹೇಳಬೇಕಿಲ್ಲ. ಅವನು ಬಂದು, ನನ್ನದನ್ನು ಹೀಗೆ ಕುಯ್ದವರು ಯಾರು ಅಂತ ಕೇಳಿದರೆ ನಾನೇನು ಹೇಳಲಿ? ನೀನೇನು ಹೇಳುತ್ತೀ?

ನಿನ್ನ ಅವ್ವ ಜಗಳ ಬಿಟ್ಟಿಲ್ಲ. ಅವನು ಮನೆ ಬಿಟ್ಟು ಹೊರಟ ದಿನ ನಾನು ಅಂದ ಮಾತನ್ನು ಇನ್ನೂ ಎತ್ತಿ ಆಡುತ್ತಾಳೆ. ಅಂದದ್ದು ಹೌದು. ಅದನ್ನು ಇಲ್ಲಿ ಬರೆಯುವುದಿಲ್ಲ. ಕಾಡು ಕಾಯುವ ವಾಚರ್ ಕೆಲಸ ಅವನಿಗೆ ಕೊಡಿಸಲು ಸಾಹೇಬರ ಕಾಲು ಹಿಡಿದು ಮಾತಾಡಿ ಬಂದಿದ್ದೆ, ಅವನಿಗೆ ಹೊಳೆಯೇ ಬೇಕಾಗಿತ್ತು. ಬಂದ ಮೇಲೆ ಅವನ ಎದುರಿಗೇ ಆ ಮಾತನ್ನು ತೆಗೆದುಕೊಳ್ಳುತ್ತೇನೆ.

ನನಗೆ ಕೇಳಿಸುವುದು ಬೇಡ. ಬಂದಾಗ ಕೇಳುತ್ತೇನೆ.

ಸ್ವೆಟರ್ ಕಳಿಸಿದ್ದೇನೆ. ತೋಳು ಉದ್ದ ಆದರೆ ಮಡಚಿಕೋ.

ಬಾಬಾಜಿ


ಬಂಗೂರನಗರ
27 ಜನವರಿ 2025

ಅಪ್ಪಾ,

ಇದನ್ನು ಹೇಗೆ ಶುರು ಮಾಡಲಿ ಅಂತ ಗೊತ್ತಾಗುತ್ತಿಲ್ಲ. ಬರೆದು ಹರಿದು ಬರೆದು ಹರಿದು ಸಾಕಾಗಿದೆ. ನೇರವಾಗಿ ಹೇಳುತ್ತೇನೆ. ಡಿ ಡ್ರೈವ್ ಹೋಯಿತು. ಅಣ್ಣನದ್ದು ಒಂದೂ ಉಳಿದಿಲ್ಲ.

ಸರ್ ಹೇಳಿದ ಹಾಗೆಯೇ ಸಿಸ್ಟಮ್ ಮತ್ತೆ ತುಂಬಿತು. ಪ್ರಾಕ್ಟಿಕಲ್ ಪರೀಕ್ಷೆ ಹತ್ತಿರ ಬಂದಿತ್ತು, ಒಂದು ಪ್ರೋಗ್ರಾಮ್ ಬರೆದು ಸೇವ್ ಮಾಡಲೂ ಬಿಡುತ್ತಿರಲಿಲ್ಲ. ಫೇಲಾದರೆ ಹಾಸ್ಟೆಲ್ ಸೀಟು ಹೋಗುತ್ತದೆ, ಸೀಟು ಹೋದರೆ ಎಲ್ಲಿಗೆ ಹೋಗಲಿ, ಅಂತ ತಲೆಯಲ್ಲಿ ಅದೇ ತಿರುಗುತ್ತಿತ್ತು. ಅವನ ಪಾಲಿನಲ್ಲಿ ಖಾಲಿ ಇದ್ದ ಹನ್ನೆರಡರಲ್ಲಿ ಹತ್ತು ತಗೊಳ್ಳೋಣ ಅಂತ ಮನಸ್ಸು ಮಾಡಿದೆ. ವಿಡಿಯೋ ಒಂದನ್ನೂ ಅಳಿಸುವುದಿಲ್ಲವಲ್ಲ ಅಂದುಕೊಂಡೆ. ನಿನ್ನನ್ನು ಕೇಳಲಿಲ್ಲ. ಕೇಳಿದ್ದರೆ ನೀನು ಬೇಡ ಅನ್ನುತ್ತಿದ್ದೆ.

ಗೋಡೆ ಸರಿಸುವುದು ಸುಲಭ ಅಂದುಕೊಂಡಿದ್ದೆ. ಹಾಗಲ್ಲ. ಅವನ ಕೋಣೆ ನನ್ನದರ ಆಚೆ ಇದೆ, ಮುಂದಿನ ಗೋಡೆ ಹಿಂದಕ್ಕೆ ಹೋಗಬೇಕಾದರೆ ಒಳಗಿನ ಸಾಮಾನನ್ನೆಲ್ಲ ಒಂದೊಂದಾಗಿ ಎತ್ತಿ ಹಿಂದೆ ಇಡಬೇಕು. ತಾಸುಗಟ್ಟಲೆ ಹಿಡಿಯುತ್ತದೆ. ನಡುವೆ ನಿಂತರೆ ಎತ್ತಿದ್ದು ಯಾವುದು, ಇಟ್ಟದ್ದು ಯಾವುದು ಅಂತ ಅದಕ್ಕೇ ತಿಳಿಯುವುದಿಲ್ಲ. ಅದಕ್ಕೇ ಮೊದಲು ಕಾಪಿ ತೆಗೆದಿಡು ಅಂತ ಎಲ್ಲ ಕಡೆ ಬರೆದಿರುತ್ತಾರೆ. ದಾನೇಶ್ವರಿಯೂ ಹಾರ್ಡ್ ಡಿಸ್ಕನ್ನು ತಂದು ಮಂಚದ ಮೇಲೆ ಇಟ್ಟಳು.

"ಕಾಪಿ ಹೊಡಿಯವಾ ಮೊದಲ. ಯಾಕ ಹಟಾ ಮಾಡ್ತಿ?"

"ಬ್ಯಾಡ. ನಮ್ಮಪ್ಪ ಬ್ಯಾಡ ಅಂದಾನ."

"ಜಾಗಾ ತಗೋಬ್ಯಾಡ ಅಂತನೂ ಅಂದಾನಲ್ಲ! ಅದನ್ನ ಮೀರಾಕ್ಹತ್ತೀದಿ, ಇದನ್ನ ಮೀರಾಕ ಏನಾಗೇತಿ?"

ನಕಲು ತೆಗೆದರೆ ಅಣ್ಣ ಸತ್ತ ಅಂತ ನಾನೇ ಸಹಿ ಹಾಕಿದ ಹಾಗೆ ಆಗುತ್ತದೆ ಅಂತ ಅನಿಸಿತು. ಹಾರ್ಡ್ ಡಿಸ್ಕನ್ನು ವಾಪಸ್ ಕೊಟ್ಟೆ.

ಎಂಟು ದಿನದ ಹಿಂದೆ ಭಾನುವಾರ ಮಧ್ಯಾಹ್ನ ಶುರು ಮಾಡಿದೆ. ಲ್ಯಾಪ್‌ಟಾಪಿನ ಬ್ಯಾಟರಿ ಹೋಗಿ ಬಹಳ ದಿನವಾಗಿದೆ, ಚಾರ್ಜರ್ ಇದ್ದರೆ ಮಾತ್ರ ನಡೆಯುತ್ತದೆ. ಅರ್ಧದಷ್ಟು ಆಗಿತ್ತು. ಪಕ್ಕದ ರೂಮಿನಲ್ಲಿ ಯಾರೋ ತಲೆ ತೊಳೆದುಕೊಳ್ಳಲು ಬಕೆಟ್ಟಿಗೆ ನೀರು ಕಾಯಿಸುವ ಕರೆಂಟಿನ ಕಾಯಿಲ್ ಹಾಕಿದರು. ಇಡೀ ಸಾಲಿನ ಫ್ಯೂಸ್ ಹೋಯಿತು. ಸ್ಕ್ರೀನ್ ಕಪ್ಪಾಯಿತು. ಕಾರಿಡಾರಿನಲ್ಲಿ ಹುಡುಗಿಯರು "ಏ ಯಾರಲೇ ಅದು!" ಅಂತ ನಗುತ್ತಿದ್ದರು. ನಾನು ಕೂತಲ್ಲೇ ಕೂತಿದ್ದೆ.

ಸರ್ ಎರಡು ದಿನ ನೋಡಿದರು. ಬೈಯಲಿಲ್ಲ. ಹುಡುಕುವ ಸಾಫ್ಟ್‌ವೇರ್ ಹಾಕಿದಾಗ ಫೈಲು ಬಂದವು, ಹೆಸರಿಲ್ಲದವು, ಒಂದೂ ತೆರೆಯುವುದಿಲ್ಲ. ಒಂದರಲ್ಲಿ ಅರ್ಧ ಹಸಿರು, ಅರ್ಧ ಬೂದು ಬಣ್ಣದ ಪಟ್ಟಿ ಬಂತು. ಸದ್ದಿಲ್ಲ. ಸಾಕು ಬಿಡವ್ವಾ ಅಂದರು.

ನಿನ್ನ ಎರಡು ಮಾತಿನಲ್ಲಿ ಒಂದನ್ನು ಮೀರಿದೆ, ಒಂದನ್ನು ಕೇಳಿದೆ. ಎರಡನ್ನೂ ಕೇಳಿದ್ದರೆ ಅದು ಉಳಿಯುತ್ತಿತ್ತು. ಎರಡನ್ನೂ ಮೀರಿದ್ದರೂ ಉಳಿಯುತ್ತಿತ್ತು.

ಏನಾದರೂ ಬರೆ ಅಪ್ಪಾ. ಬೈದು ಬರೆದರೂ ಸರಿ.

ಪೂನಂ


ಬಂಗೂರನಗರ
13 ಫೆಬ್ರುವರಿ 2025

ಅಪ್ಪಾ,

ಪತ್ರವನ್ನು ನಿನ್ನ ಕೈಗೇ ಕೊಟ್ಟೆ ಅಂತ ದುರ್ಗಪ್ಪ ಮಾಮ ಆಣೆ ಮಾಡಿ ಹೇಳುತ್ತಾರೆ. ಓದಿ ಮಡಚಿ ಕಿಸೆಯಲ್ಲಿಟ್ಟುಕೊಂಡು ಕಾಡು ಸುತ್ತುವ ಬೀಟಿಗೆ ಹೋದೆಯಂತೆ. ಅದಾದ ಮೇಲೆ ಜೀಪು ಪ್ರತಿ ವಾರ ಬಂದಿದೆ, ಖಾಲಿ ಕೈಯಲ್ಲಿ ಬಂದಿದೆ.

ಪ್ರಾಕ್ಟಿಕಲ್ ಬರೆದೆ. ಪಾಸಾಗಬಹುದು. ಅದನ್ನು ಹೇಳಲು ನಾಚಿಕೆಯಾಗುತ್ತದೆ.

ಶನಿವಾರ ಬಸ್ಸು ಹತ್ತಿ ಕುಳಗಿಗೆ ಬರಲಾ? ಹೂಂ ಅಂತ ಮಾಮನ ಹತ್ತಿರ ಬಾಯಲ್ಲಿ ಹೇಳಿ ಕಳಿಸಿದರೂ ಸಾಕು.

ಪೂನಂ


ಕುಳಗಿ ಕ್ಯಾಂಪ್
24 ಫೆಬ್ರುವರಿ 2025

ಪೂನಂ,

ಬರಬೇಡ. ನನ್ನ ಮುಖ ನೋಡಿ ನೀನು ಅಳುತ್ತೀ, ನಿನ್ನ ಮುಖ ನೋಡಿ ನಾನು ಏನಾದರೂ ಅಂದುಬಿಡುತ್ತೇನೆ. ಒಮ್ಮೆ ಅಂದು ಕೆಟ್ಟಿದ್ದೇನೆ.

ನಿನ್ನ ಅವ್ವ ಹಿರಿಯರ ಹತ್ತಿರ ಅವನ ಹೆಸರಿನ ಕಾಯಿ ಇಟ್ಟಳು. ನಾನು ಬಾಗಿಲ ಹೊರಗೆ ನಿಂತಿದ್ದೆ. ಬೇಡ ಅನ್ನಲಿಲ್ಲ.

ಒಂದು ಕೆಲಸ ಮಾಡು. ದಿನಾ ಸಂಜೆ ಕೇಳುತ್ತಿದ್ದೆ ಅಂತ ಬರೆದಿದ್ದೀ. ನಾನು ಕೇಳಲಿಲ್ಲ. ಅವನು ಏನೇನು ಅಂದ ಅಂತ ನೆನಪು ಮಾಡಿ ಬರೆ. ಅವನು ಅಂದ ಹಾಗೆಯೇ ಬರೆ. ನನಗೆ ನೋವಾಗುತ್ತದೆ ಅಂತ ಯಾವುದನ್ನೂ ಬಿಡಬೇಡ. ಬಿಟ್ಟರೆ ನನಗೆ ಗೊತ್ತಾಗುತ್ತದೆ.

ಬಾಬಾಜಿ


ಬಂಗೂರನಗರ
3 ಮಾರ್ಚ್ 2025

ಅಪ್ಪಾ,

ನಾಲ್ಕು ದಿನದಿಂದ ನೆನಪು ಮಾಡುತ್ತಿದ್ದೇನೆ. ಅಷ್ಟೊಂದು ಕೇಳಿದ್ದೇನೆ, ಬರೆಯಲು ಕೂತರೆ ಒಂದು ಹಾಳೆ ತುಂಬುತ್ತಿಲ್ಲ. ಬಹಳ ಸಲ ಅಂದದ್ದನ್ನೇ ಅನ್ನುತ್ತಿದ್ದ.

"ಫಾರ್ವರ್ಡ್! ಫಾರ್ವರ್ಡ್! ಹಾಂ, ಸ್ಟಾಪ್. ಕೈ ಒಳಗ ತಗೋರಿ."

"ಸಾಹೇಬ್ರ, ಹುಟ್ಟು ಸೆಲ್ಫಿ ಸ್ಟಿಕ್ ಅಲ್ರಿ, ನೀರಾಗ ಹಾಕ್ರಿ."

ನಮ್ಮ ಗುಂಗುರು ಕೂದಲು, ಬಣ್ಣ ನೋಡಿ ಎಲ್ಲರೂ ಕೇಳುವ ಹಾಗೆ ಒಬ್ಬ ಹುಡುಗ ಇಂಗ್ಲಿಷಿನಲ್ಲಿ ನೀನು ಯಾವ ದೇಶದವನು ಬ್ರೋ ಅಂತ ಕೇಳಿದ. ಅಣ್ಣ ಬಹಳ ಗಂಭೀರವಾಗಿ "ಜೋಯಿಡಾ. ವೀಸಾ ಬೇಕಾಗ್ತೈತಿ" ಅಂದ. ನಮ್ಮ ತಾಲ್ಲೂಕನ್ನು ಅವನು ದೇಶವೆಂದೇ ನಂಬಿದ.

ಒಂದರಲ್ಲಿ ಒಂದು ಸಣ್ಣ ಹುಡುಗಿ ಅಳುತ್ತಿದ್ದಳು. "ಅಳಬ್ಯಾಡ ಪುಟ್ಟೀ. ನನಗೂ ನಿನ್ನಂಥಾಕಿ ತಂಗಿ ಅದಾಳ, ಹಾಸ್ಟೆಲ್ಲಿನಾಗ ಇರ್ತಾಳ. ಆಕಿನೂ ಹಿಂಗ ಸುಮ್ಮಸುಮ್ಮನ ಅಂಜತಾಳ" ಅಂದ.

"ಬಂಡಿ ಐತಿ, ಎಲ್ಲಾರೂ ಕೆಳಗ! ಗೆಟ್ ಡೌನ್!" ಅನ್ನುತ್ತಿದ್ದ. ಬಂಡೆಗೆ ಅವನು ಬಂಡಿ ಅಂತಲೇ ಅನ್ನುತ್ತಿದ್ದ, ಗೊತ್ತಲ್ಲ.

ಇನ್ನೊಂದಿದೆ. ಬಿಡಬೇಡ ಅಂದಿದ್ದೀ, ಅದಕ್ಕೇ ಬರೆಯುತ್ತಿದ್ದೇನೆ. ಹುಬ್ಬಳ್ಳಿಯವರ ಒಂದು ಗುಂಪು ಬಂದಿತ್ತು. ದೊಡ್ಡ ಅಲೆ ದಾಟಿದ ಮೇಲೆ ಒಬ್ಬ ಹೆಂಗಸು ಕೇಳಿದಳು, "ನಿಮಗ ಅಂಜಿಕಿ ಆಗೂದಿಲ್ಲೇನ್ರಿ ದಿನಾ ಇದರಾಗ?"

ಅಣ್ಣ ಅಂದ, "ಇಲ್ರಿ ಅಕ್ಕಾರ. ನಮ್ಮಪ್ಪಗಿಂತ ಈ ಹೊಳಿ ಮೆತ್ತಗ ಐತಿ."

ಇಷ್ಟೇ ಅಪ್ಪಾ. ಉಳಿದದ್ದೆಲ್ಲ ನೀರಿನ ಸದ್ದು, ಬೇರೆಯವರ ಚೀರಾಟ.

ಪೂನಂ


ಕುಳಗಿ ಕ್ಯಾಂಪ್
4 ಮಾರ್ಚ್ 2025

ಪೂನಂ,

ಕಡೆಯದನ್ನು ಓದಿದೆ. ದುರ್ಗಪ್ಪನನ್ನು ನಿಲ್ಲಿಸಿಕೊಂಡು ಈ ಚೀಟಿ ಬರೆಯುತ್ತಿದ್ದೇನೆ, ಅವನ ಕೈಯಲ್ಲೇ ಉತ್ತರ ಕಳಿಸು.

ಆ ಮಾತು ಅಂದ ಮೇಲೆ ಅವನು ನಕ್ಕನೇ?

ಬಾಬಾಜಿ


ಬಂಗೂರನಗರ
4 ಮಾರ್ಚ್ 2025

ಅಪ್ಪಾ,

ಜೀಪು ಹಾಸ್ಟೆಲ್ ಗೇಟಿನ ಹೊರಗೆ ನಿಂತಿದೆ. ಮಾಮ ಹಾರ್ನ್ ಹಾಕುತ್ತಿದ್ದಾರೆ.

ದೋಣಿಯಲ್ಲಿದ್ದವರೆಲ್ಲ ಒಟ್ಟಿಗೆ ನಕ್ಕರು. ಅವನು ನಕ್ಕನೋ ಇಲ್ಲವೋ ಬೇರೆಯಾಗಿ ಕೇಳಿಸಲಿಲ್ಲ. ಆ ಸಂಜೆ ನಾನು ಅದನ್ನು ಗಮನವಿಟ್ಟು ಕೇಳಲಿಲ್ಲ, ಇದ್ದೇ ಇರುತ್ತದಲ್ಲ, ನಾಳೆ ಮತ್ತೆ ಕೇಳಿದರಾಯಿತು ಅಂತ ಮುಂದಿನದಕ್ಕೆ ಹೋದೆ.

ಪೂನಂ